ಗೌತಮನ ಹಲ್ಲು, ಭಾನುವಿನ ವ್ಯಾನು

ನಮ್ಮ ಕೆಸರೆಯಿಂದ ಬನ್ನಿಮಂಟಪದ ಕಡೆಯ ಶಾಲೆಗೆ ಮಕ್ಕಳನ್ನು ಕರೆದುಕೊಂಡು ಹೋಗುವ ವ್ಯಾನುಗಳಲ್ಲಿ ಹೆಂಗಸು ಓಡಿಸುವುದು ಒಂದೇ ಒಂದು. ಅದು ಭಾನುಪ್ರಿಯಾಳ ಹಳೆಯ ಬಿಳಿ ಓಮ್ನಿ. ಮುಂಚೆ ಅದನ್ನು ಅವಳ ಅಪ್ಪ ಸಿದ್ದಪ್ಪಾಜಿ ಓಡಿಸುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಸುಕಾದಾಗ, ಗಾಡಿ ಮಾರಿಬಿಡೋಣ ಎಂದು ಮನೆಯವರೆಲ್ಲ ಹೇಳಿದರಂತೆ. ಭಾನು ಒಪ್ಪಲಿಲ್ಲ. ಲೈಸೆನ್ಸ್ ಮಾಡಿಸಿಕೊಂಡು ತಾನೇ ಸ್ಟೀರಿಂಗ್ ಹಿಡಿದಳು. ಮೊದಮೊದಲು ನಾವು ತಾಯಂದಿರು ಸ್ವಲ್ಪ ಹಿಂದೆಮುಂದೆ ನೋಡಿದೆವು. ಒಂದು ತಿಂಗಳು ಕಳೆಯುವಷ್ಟರಲ್ಲಿ ಆ ಅನುಮಾನ ಯಾರಿಗೂ ಉಳಿಯಲಿಲ್ಲ. ಅವಳು ಹಾರ್ನ್ ಹೊಡೆಯುವುದೂ ಕಡಿಮೆ, ಬ್ರೇಕ್ ಹೊಡೆಯುವುದೂ ಕಡಿಮೆ. ಹಂಪ್ ಬಂದರೆ ಕೂಸಿನ ಕಾಲು ಸವರಿದ ಹಾಗೆ ದಾಟಿಸುತ್ತಿದ್ದಳು. ನನ್ನ ಮಗಳು ಅಕ್ಷತಾ ಒಂದನೇ ಕ್ಲಾಸಿನಿಂದಲೂ ಅದೇ ವ್ಯಾನಿನಲ್ಲಿ ಹೋಗಿ ಬರುತ್ತಿದ್ದಾಳೆ.

ಈಗ ಹೇಳುತ್ತಿರುವುದರಲ್ಲಿ ಸ್ವಲ್ಪ ನಾನೇ ಕಂಡದ್ದು. ಉಳಿದದ್ದನ್ನೆಲ್ಲ ಭಾನು ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಹೇಳಿದ್ದು.

ಅವಳ ಗಂಡ ವಸಂತ್ ಲಷ್ಕರ್ ಮೊಹಲ್ಲಾದ ಒಂದು ಬೇಕರಿಯಲ್ಲಿ ಒಲೆಯ ಕೆಲಸದವನು. ಬೇಕರಿ ಕೆಲಸವೆಂದರೆ ಊರು ಮಲಗಿದ ಮೇಲೆ ಶುರು. ಸಾಯಂಕಾಲ ಸ್ನಾನ ಮಾಡಿ ಹೊರಟರೆ ಬೆಳಗ್ಗೆ ಬನ್ನಿನ ಪೊಟ್ಟಣ ಹಿಡಿದು ಬರುತ್ತಿದ್ದ. ಅತ್ತೆ ಮಂಚಮ್ಮ ಮನೆಯಲ್ಲೇ ಇರುತ್ತಾರೆ. ಮಗ ಗೌತಮ್ ಹುಟ್ಟಿದಾಗ ಭಾನು ಗಾಡಿಯನ್ನು ಅಪ್ಪನ ಕಾಲದ ಸ್ನೇಹಿತ ಲಿಂಗರಾಜು ಅವರ ಕೈಗೆ ಕೊಟ್ಟು ಕೆಲವು ತಿಂಗಳು ಮನೆಯಲ್ಲಿದ್ದಳು. ಮಗುವಿಗೆ ಐದು ತಿಂಗಳು ತುಂಬಿದ ಮೇಲೆ ಮತ್ತೆ ಗಾಡಿ ಹತ್ತಿದಳು. ಹಗಲು ಮಗು ಅಜ್ಜಿಯ ಹತ್ತಿರ, ರಾತ್ರಿ ಅಮ್ಮನ ಹತ್ತಿರ. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಗೌತಮ್ ಎಂಥ ಮಗುವೆಂದರೆ ಸಂಜೆ ಹಾಲು ಕುಡಿದು ಮಲಗಿದರೆ ನಡುವೆ ಒಂದು ಸಲ ಮುಲುಗುತ್ತಿತ್ತು, ಅಷ್ಟೆ.

ಏಳನೇ ತಿಂಗಳಲ್ಲಿ ಒಂದು ರಾತ್ರಿ ಅದು ಕಿರುಚಿ ಎದ್ದಿತು.

ಹಸಿವಿನ ಅಳು ಹೇಗಿರುತ್ತದೆ, ಒದ್ದೆಯಾದಾಗಿನ ಅಳು ಹೇಗಿರುತ್ತದೆ ಎಂದು ಭಾನುವಿಗೆ ಗೊತ್ತಿತ್ತು. ಇದು ಎರಡೂ ಅಲ್ಲ. ಬೆಂಕಿ ತಾಕಿದವರು ಕೂಗುವ ಹಾಗಿತ್ತು. ಅವಳಿಗೆ ಮೊದಲು ಹೊಳೆದದ್ದು ಚೇಳು. ಮಗುವನ್ನು ಎತ್ತಿಕೊಂಡು, ಫೋನಿನ ಬೆಳಕಿನಲ್ಲಿ ಹಾಸಿಗೆಯನ್ನೆಲ್ಲ ಕೊಡವಿದಳು. ಮಗುವಿನ ಬಟ್ಟೆ ಬಿಚ್ಚಿ ಬೆನ್ನು, ಕಂಕುಳು, ಕಾಲಿನ ಸಂದು ಎಲ್ಲವನ್ನೂ ನೋಡಿದಳು. ಏನೂ ಇಲ್ಲ. ಮಗು ಅಳುತ್ತ ಅಳುತ್ತ ಉಸಿರು ಹಿಡಿದುಕೊಂಡಿತು. ತುಟಿ ಕಪ್ಪಾದಂತೆ ಕಂಡಿತು. ಅವಳು "ಅತ್ತೇ!" ಎಂದು ಕೂಗಿದ ಕೂಗಿಗೆ ಪಕ್ಕದ ಮನೆಯ ದೀಪವೂ ಹತ್ತಿಕೊಂಡಿತು.

ಮಂಚಮ್ಮ ಬಂದು, ಮಗುವಿನ ಮುಖಕ್ಕೆ ಉಫ್ ಎಂದು ಊದಿ, ಬಾಯೊಳಗೆ ಬೆರಳಾಡಿಸಿದರು. ಮಗುವಿಗೆ ಉಸಿರು ಬಂತು, ಮತ್ತೆ ಅಳುವೂ ಬಂತು.

"ಅಲ್ಲು ಕಣವ್ವ. ವಸಡು ಊದದೆ ನೋಡು, ಎಂಗೆ ಕೆಂಪಗಾಗದೆ! ಇದ್ಕೆ ಇಂಗೆ ಬಡ್ಕಂಡಿಯಲ್ಲ, ನನ್ ಎದೇನೇ ಒಡೆದೋಯ್ತು."

ಹಲ್ಲು ಎಂದು ಗೊತ್ತಾದ ಮೇಲೆ ಭಯ ಹೋಗಬೇಕಿತ್ತು. ಹೋಗಲಿಲ್ಲ. ಆವತ್ತಿನಿಂದ ಮಗು ರಾತ್ರಿಗೆ ನಾಲ್ಕು ಸಲ, ಐದು ಸಲ, ಕೆಲವೊಮ್ಮೆ ಲೆಕ್ಕವೇ ಇಲ್ಲದಷ್ಟು ಸಲ ಏಳತೊಡಗಿತು. ಜೊಲ್ಲು ಸುರಿದು ಕತ್ತಿನ ಮಡಿಕೆಯೆಲ್ಲ ಕೆಂಪಾಯಿತು. ಹಾಲು ಕುಡಿಯಲು ಬಾಯಿ ಹಾಕುವುದು, ವಸಡು ನೊಂದು ಕಿರುಚಿ ಬಿಡುವುದು. ಭಾನು ಹೆಗಲ ಮೇಲೆ ಹಾಕಿಕೊಂಡು ಒಳಗಿನ ಕೋಣೆಯಿಂದ ಬಾಗಿಲವರೆಗೆ, ಬಾಗಿಲಿಂದ ಕೋಣೆಯವರೆಗೆ ಓಡಾಡುತ್ತಿದ್ದಳು. ಮಲಗಿಸಿದರೆ ಎಚ್ಚರ, ಎತ್ತಿಕೊಂಡರೆ ನಿದ್ದೆ. ಕೊನೆಗೆ ಅದು ನಿಜವಾಗಿಯೂ ನಿದ್ದೆ ಹೋದಾಗ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಅಷ್ಟು ಅತ್ತ ಮಗು ಇಷ್ಟು ಸುಮ್ಮನಾಯಿತೇಕೆ ಎಂದು ಕತ್ತಲಲ್ಲಿ ಅದರ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ತಾಕುವವರೆಗೂ ಕಾಯುತ್ತಿದ್ದಳು. ತಾಕಿದ ಮೇಲೂ ಇನ್ನೊಂದು ಸಲ ನೋಡುತ್ತಿದ್ದಳು.

"ನಂತಾವ ಮಲುಗ್ಸು," ಎಂದರು ಮಂಚಮ್ಮ. "ಬಜೆ ತೇದು ಒಸಿ ಜೇನಲ್ಲಿ ಕಲ್ಸಿ ವಸಡಿಗೆ ತೀಡ್ತೀನಿ. ನಿನ್ ಗಂಡಂಗೂ ಅದ್ನೇ ಮಾಡಿದ್ದು ನಾನು."

ಭಾನು ಮಗುವನ್ನು ಎದೆಗೆ ಒತ್ತಿಕೊಂಡಳು. ಲಸಿಕೆ ಹಾಕಿಸಲು ಹೋದಾಗ ಅಲ್ಲಿಯ ಸಿಸ್ಟರ್, ಒಂದು ವರ್ಷ ತುಂಬುವವರೆಗೆ ಜೇನುತುಪ್ಪದ ಹನಿಯನ್ನೂ ಮುಟ್ಟಿಸಬೇಡಿ, ಮಗುವಿನ ಜೀವಕ್ಕೇ ಅಪಾಯ ಎಂದು ಹೇಳಿದ್ದರು. "ಬ್ಯಾಡ ಅತ್ತೆ, ಜೇನು ಕೊಡಬಾರ್ದಂತೆ" ಎಂದಳು.

"ಯಾರಂದಿದ್ದು? ಈ ಕೈಯಲ್ಲಿ ಮೂರು ಮಕ್ಳ ಸಾಕಿವ್ನಿ ಕಣವ್ವ ನಾನು!"

"ನೀವು ಸಾಕಿದ್ದೀರ, ಇಲ್ಲ ಅಂದ್ನಾ? ನಂಗೆ ಭಯ."

ಮಂಚಮ್ಮ ಎದ್ದು ಹೋಗಿ ತಮ್ಮ ಚಾಪೆಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಮಾರನೇ ದಿನ ಬೇಳೆ ಸಾರಿಗೆ ಉಪ್ಪು ಕೇಳುವಾಗಲೂ ಅವರು ಸೊಸೆಯ ಮುಖ ನೋಡಲಿಲ್ಲವಂತೆ. ಹಗಲು ಮಗುವನ್ನು ಅವರ ಕೈಗೆ ಕೊಟ್ಟು ಹೋಗುವಾಗೆಲ್ಲ ಭಾನುವಿನ ಕಣ್ಣು ಅಡುಗೆ ಮನೆಯ ಮೇಲಿನ ಹಲಗೆಯಲ್ಲಿದ್ದ ಜೇನಿನ ಬಾಟಲಿಯ ಕಡೆ ಹೋಗುತ್ತಿತ್ತು. ರಾತ್ರಿಯಂತೂ ಮಗುವನ್ನು ಬಿಟ್ಟುಕೊಡಲೇ ಇಲ್ಲ. ವಸಂತನಿಗೆ ಹೇಳಿದರೆ ಅವನು, "ನಾಕು ದಿನ ಕಣೇ ಭಾನು, ಅಲ್ಲು ಬಂದ್ಬುಟ್ರೆ ಮುಗೀತು" ಎಂದು ಸಮಾಧಾನ ಹೇಳಿ ಮಲಗುತ್ತಿದ್ದ. ಪಾಪ, ಅವನ ಕಣ್ಣೂ ರಾತ್ರಿಯೆಲ್ಲ ಒಲೆಯ ಮುಂದೆ ಕೂತು ಕೆಂಡದಂತಾಗಿರುತ್ತಿತ್ತು. ನಾಲ್ಕು ದಿನ ಹೋಗಿ ನಾಲ್ಕು ವಾರ ಆಯಿತು. ಹಲ್ಲು ಬರಲಿಲ್ಲ.

ಇಷ್ಟರಲ್ಲಿ ಭಾನುವಿಗೆ ಇನ್ನೊಂದು ಭಯ ಶುರುವಾಗಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಒಂದು ಬೆಳಗ್ಗೆ ಬೆಂಗಳೂರು ರಸ್ತೆ ದಾಟುವ ಸಿಗ್ನಲ್ಲಿನಲ್ಲಿ ಕೆಂಪು ದೀಪಕ್ಕೆ ನಿಲ್ಲಿಸಿದ್ದಳು. ಹಿಂದಿನಿಂದ ಲಾರಿಯ ಹಾರ್ನ್ ಕಿವಿ ಹರಿಯುವಂತೆ ಹೊಡೆದುಕೊಂಡಿತು. ನೋಡಿದರೆ ದೀಪ ಹಸಿರಾಗಿ, ಅಕ್ಕಪಕ್ಕದ ಗಾಡಿಗಳೆಲ್ಲ ಹೊರಟುಹೋಗಿವೆ. ಅವಳ ಕಾಲು ಬ್ರೇಕಿನ ಮೇಲೆಯೇ ಇತ್ತು, ಕಣ್ಣು ಯಾವಾಗ ಮುಚ್ಚಿತ್ತೋ ಗೊತ್ತಿಲ್ಲ. ಹಿಂದೆ ಮಕ್ಕಳು ಅಂತ್ಯಾಕ್ಷರಿ ಆಡುತ್ತಿದ್ದರು, ಯಾರೂ ಗಮನಿಸಿರಲಿಲ್ಲ. ಗಾಡಿ ಮುಂದೆ ತೆಗೆದು ರಸ್ತೆ ದಾಟಿದಳು. ನಿಂತಾಗ ಮುಚ್ಚಿದ ಕಣ್ಣು ಓಡುವಾಗ ಮುಚ್ಚಿದ್ದರೆ?

ಅಲ್ಲಿಂದಾಚೆಗೆ ಒಂದು ಬಾಟಲಿ ತಣ್ಣೀರು ಪಕ್ಕದಲ್ಲಿಟ್ಟುಕೊಂಡು, ಸಿಗ್ನಲ್ ಬಂದಾಗೆಲ್ಲ ಮುಖಕ್ಕೆ ಚಿಮುಕಿಸಿಕೊಳ್ಳುತ್ತಿದ್ದಳು. ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದಳು. ಬಾಯಲ್ಲಿ ಶುಂಠಿ ಇಟ್ಟುಕೊಂಡು ನೋಡಿದಳು. ಒಂದು ದಿನ ಕಣ್ಣು ತೆರೆದೇ ಇದ್ದರೂ, ಮುಂದೆ ಹೋಗುತ್ತಿದ್ದ ಸಿಟಿ ಬಸ್ಸು ನಿಂತದ್ದು ಬುದ್ಧಿಗೆ ಹೋಗಲಿಲ್ಲ. ಬ್ರೇಕು ಹಾಕಿದಾಗ ಬಸ್ಸಿನ ಹಿಂಬದಿಯ ಜಾಹೀರಾತಿನ ಅಕ್ಷರ ಒಂದೊಂದೂ ಕಿಟಕಿಯಷ್ಟು ದೊಡ್ಡದಾಗಿ ಕಂಡಿತು. ಮಕ್ಕಳು ಮುಂದಕ್ಕೆ ಮುಗ್ಗರಿಸಿ, ಆಮೇಲೆ ಅದೇ ಆಟವೆಂದು ನಕ್ಕರು. ನನ್ನ ಮಗಳು ಮನೆಗೆ ಬಂದು, "ಅಮ್ಮ, ಇವತ್ತು ಭಾನು ಆಂಟಿ ಗಾಡೀಲಿ ಜಾರುಬಂಡಿ ಆಡಿಸಿದ್ರು" ಎಂದಿದ್ದಳು. ನಾನೂ ನಕ್ಕಿದ್ದೆ.

ಸಂಕ್ರಾಂತಿ ಕಳೆದ ವಾರ. ಆ ರಾತ್ರಿ ಗೌತಮನಿಗೆ ಮೈ ಸ್ವಲ್ಪ ಬೆಚ್ಚಗಿತ್ತು. ಭಾನು ಒಂದು ಗಳಿಗೆಯೂ ಒರಗಲಿಲ್ಲ. ಬೆಳಗ್ಗೆ ಮಗು ಅಜ್ಜಿಯ ತೊಡೆಯ ಮೇಲೆ ಸ್ವಲ್ಪ ಸುಮ್ಮನಾದಾಗ ಮುಖ ತೊಳೆದು ಗಾಡಿ ತೆಗೆದಳು. ಮಕ್ಕಳನ್ನು ಶಾಲೆಗೆ ಮುಟ್ಟಿಸಿ, ವಾಪಸ್ಸು ಬಂದು, ಮನೆಯ ಎದುರಿನ ಖಾಲಿ ಸೈಟಿನಲ್ಲಿ ಗಾಡಿ ನಿಲ್ಲಿಸಿ, ಕಿಟಕಿಗಳನ್ನು ಏರಿಸಿ, ಒಳಗೆ ಬಂದು ನೆಲದ ಮೇಲೆಯೇ ಬಿದ್ದುಕೊಂಡಳು. ಕೆಳಗೆ ಚಾಪೆಯೂ ಇರಲಿಲ್ಲ.

ಎಚ್ಚರವಾದಾಗ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಪಕ್ಕದ ಕೋಣೆಯಲ್ಲಿ ವಸಂತನ ಗೊರಕೆ ಕೇಳುತ್ತಿತ್ತು. ಯಾಕೆ ಎಚ್ಚರವಾಯಿತೋ ಅವಳಿಗೇ ತಿಳಿಯಲಿಲ್ಲ. ಆದರೆ ಕಣ್ಣು ಬಿಡುವ ಹೊತ್ತಿಗೆ ತಲೆಯಲ್ಲಿ ಒಂದು ಪ್ರಶ್ನೆ ಕೂತಿತ್ತು. ಸ್ವರೂಪ್ ಇಳಿದನಾ?

ಸ್ವರೂಪ್ ಯುಕೆಜಿ ಹುಡುಗ, ವ್ಯಾನಿನಲ್ಲಿ ಎಲ್ಲರಿಗಿಂತ ಚಿಕ್ಕವನು. ಅಪ್ಪ ಅಮ್ಮ ಇಬ್ಬರೂ ಬೆಳಗ್ಗೆಯೇ ಕೆಲಸಕ್ಕೆ ಹೊರಡುವವರು, ಅಜ್ಜಿ ಸುಮಿತ್ರಮ್ಮ ಅವನನ್ನು ಹತ್ತಿಸುತ್ತಿದ್ದರು. ಹತ್ತಿದ ಕೂಡಲೇ ಹಿಂದಿನ ಸೀಟಿನಲ್ಲಿ ಮುದುಡಿ ಮಲಗುವುದು ಅವನ ಅಭ್ಯಾಸ. ಎಷ್ಟೋ ಸಲ ಶಾಲೆಯ ಗೇಟಿನಲ್ಲಿ ಅವನನ್ನು ಎಬ್ಬಿಸಿ, ಎತ್ತಿಯೇ ಇಳಿಸಬೇಕಾಗುತ್ತಿತ್ತು. ಭಾನು ಮಲಗಿದ್ದಲ್ಲೇ ಬೆಳಗಿನ ಗೇಟನ್ನು ನೆನಪಿಸಿಕೊಳ್ಳಲು ನೋಡಿದಳು. ಅಕ್ಷತಾ ಇಳಿದು ಟಾಟಾ ಮಾಡಿದ್ದು ಕಂಡಿತು. ಸಿಂಚನ ಎಂಬ ಹುಡುಗಿಯ ಟೈ ಬಿಚ್ಚಿಕೊಂಡಿದ್ದು, ತಾನು ಕಟ್ಟಿದ್ದು ಕಂಡಿತು. ಸ್ವರೂಪ್ ಕಾಣಲಿಲ್ಲ. ಅವನ ಮನೆಯ ಮುಂದೆ ನಿಲ್ಲಿಸಿದ್ದೆನಾ? ಅದೂ ಕಾಣಲಿಲ್ಲ. ಅಲ್ಲಿ ನೆನಪೇ ಇರಲಿಲ್ಲ, ಬರೀ ಮಂಜು.

ಗಾಡಿ ಬಿಸಿಲಲ್ಲಿ ನಿಂತಿದೆ. ಕಿಟಕಿ ಏರಿಸಿದೆ.

ಚಪ್ಪಲಿಯಿಲ್ಲದೆ ಓಡಿದಳು. ಬೀಗದ ಕೈ ರಂಧ್ರಕ್ಕೆ ಸಿಗದೆ ಎರಡು ಸಲ ಜಾರಿತು. ಬಾಗಿಲು ಸರಿಸಿದಾಗ ಒಳಗಿನಿಂದ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಹಿಂದಿನ ಸೀಟಿನ ಮೇಲೆ ಸ್ವರೂಪನ ಹಸಿರು ನೀರಿನ ಬಾಟಲಿ ಬಿದ್ದಿತ್ತು.

ಬಾಟಲಿ ಇತ್ತು, ಹುಡುಗ ಇರಲಿಲ್ಲ. ಸೀಟಿನ ಕೆಳಗೆ ತಲೆ ಹಾಕಿ ನೋಡಿದಳು, ಕೈಹಾಕಿ ತಡಕಿದಳು. ಗಾಡಿಯ ಅಡಿ ನೋಡಿದಳು. ಒಳಗೆ ಸೆಕೆಯಾಗಿ, ಹೇಗೋ ಬಾಗಿಲು ತೆಗೆದುಕೊಂಡು ಇಳಿದು ಎಲ್ಲಿಗಾದರೂ ಹೋದನಾ? ಆದರೆ ಬೀಗ ಹಾಕಿತ್ತಲ್ಲ. ಹಾಕಿತ್ತು ತಾನೇ? ಖಾಲಿ ಸೈಟಿನ ಲಂಟಾನದ ಪೊದೆ, ಅದರಾಚೆಯ ಮೋರಿ, ಎಲ್ಲವನ್ನೂ ಬಗ್ಗಿ ಬಗ್ಗಿ ನೋಡಿದಳು. ಮಂಚಮ್ಮ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಿಗೆ ಬಂದು, "ಏನವ್ವ, ಏನು ಉಡುಕ್ತಿದ್ದೀಯೇ?" ಎಂದು ಕೇಳಿದರು. ಭಾನು ಅವರತ್ತ ನೋಡದೆ ಮತ್ತೆ ಮೋರಿಯೊಳಗೆ ಬಗ್ಗಿದಳು.

ಸುಮಿತ್ರಮ್ಮನವರಿಗೆ ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು. "ಮಾಡೋಕೆ ಹೋದೆ ಅಕ್ಕ," ಎಂದು ನನಗೆ ಹೇಳಿದಳು ಭಾನು. "ಹೆಸರು ಒತ್ತಿ ಮತ್ತೆ ಕಟ್ ಮಾಡ್ಬುಟ್ಟೆ. ಏನಂತ ಕೇಳ್ಲಿ? ನಿಮ್ಮ ಮೊಮ್ಮಗ ಎಲ್ಲವ್ನೆ ಅಂತ ನಾನು ಕೇಳೋದಾ? ಅವರು ನನ್ನ ಕೇಳ್ಬೇಕಾದ್ದು."

ಶಾಲೆಯಲ್ಲೇ ಇರುತ್ತಾನೆ, ಇದ್ದೇ ಇರುತ್ತಾನೆ ಎಂದು ಹೇಳಿಕೊಳ್ಳುತ್ತ ರಸ್ತೆಗೆ ಬಂದಳು. ವ್ಯಾನಿನ ಸ್ಟೀರಿಂಗ್ ಮುಟ್ಟಲು ಕೈ ಬರಲಿಲ್ಲವಂತೆ. ಒಂದು ಆಟೋ ಕೈ ಮಾಡಿ ಹತ್ತಿದಳು. ದಾರಿಯುದ್ದಕ್ಕೂ ಹೊರಗೆ ತಲೆ ಹಾಕಿ ಫುಟ್‌ಪಾತಿನ ಮೇಲೆ ಶಾಲೆಯ ನೀಲಿ ಸ್ವೆಟರಿನ ಚಿಕ್ಕ ಹುಡುಗ ಕಾಣುತ್ತಾನೋ ಎಂದು ನೋಡುತ್ತಿದ್ದಳು. ಗೇಟಿನವನು ಅವಳ ಬರಿಗಾಲು ನೋಡಿ ಏನೂ ಕೇಳದೆ ಒಳಗೆ ಬಿಟ್ಟ. ಯುಕೆಜಿ ಟೀಚರು ಬಾಗಿಲಿಗೆ ಬಂದರು.

"ಸ್ವರೂಪಾ? ಇವತ್ತು ಬಂದಿಲ್ವಲ್ಲ."

ಆ ಮಾತು ಕೇಳಿದ ಮೇಲೆ ಗೇಟಿನವರೆಗೆ ನಡೆದದ್ದು ಅವಳಿಗೆ ಗೊತ್ತಿಲ್ಲ. ಗೇಟಿನ ಹೊರಗೆ ಕಲ್ಲಿನ ಮೇಲೆ ಕೂತಿದ್ದಳು. ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಗಾಡಿಯಲ್ಲಿಲ್ಲ, ಸೈಟಿನಲ್ಲಿಲ್ಲ, ಶಾಲೆಯಲ್ಲಿಲ್ಲ. ಬೆಂಗಳೂರು ರಸ್ತೆಯ ಸಿಗ್ನಲ್ಲಿನಲ್ಲಿ ಇವತ್ತೂ ತಾನು ಕಣ್ಣು ಮುಚ್ಚಿ, ಆಗ ಇಳಿದನಾ ಎಂಬ ಯೋಚನೆ ಬಂತು. ಆಟೋದವನು ಇನ್ನೂ ಅಲ್ಲೇ ನಿಂತಿದ್ದ. "ಎಲ್ಲಿಗೆ ಬಿಡ್ಲಿ ತಂಗಿ?" ಎಂದ. ಇನ್ನು ಉಳಿದದ್ದು ಒಂದೇ ಜಾಗ. ಅಲ್ಲಿಗೆ ಹೋಗಿ ಹೇಳಲೇಬೇಕು. ಹೇಳುವ ಮಾತನ್ನು ದಾರಿಯಲ್ಲಿ ಜೋಡಿಸಿಕೊಳ್ಳಲು ನೋಡಿದಳು, ಒಂದು ಶಬ್ದದ ಪಕ್ಕ ಇನ್ನೊಂದು ನಿಲ್ಲಲಿಲ್ಲ.

ಸುಮಿತ್ರಮ್ಮನವರ ಮನೆಯ ಗೇಟಿನ ಒಳಗೆ, ಜಗಲಿಯ ಮೇಲೆ, ತಲೆಗೆ ಮಫ್ಲರ್ ಸುತ್ತಿಕೊಂಡ ಸ್ವರೂಪ್ ಬಟ್ಟಲಲ್ಲಿ ಗಂಜಿ ಇಟ್ಟುಕೊಂಡು ಕೂತಿದ್ದ. ಭಾನುವನ್ನು ನೋಡಿ, "ಆಂಟಿ, ನನ್ ಬಾಟ್ಲಿ ನಿನ್ನೆ ನಿಮ್ ಗಾಡೀಲೇ ಬಿಟ್ಬುಟ್ಟೆ" ಎಂದ.

ಅವಳು ಗೇಟಿನ ಸರಳು ಹಿಡಿದುಕೊಂಡೇ ಕೆಳಗೆ ಕುಸಿದಳು.

ಒಳಗಿನಿಂದ ಸುಮಿತ್ರಮ್ಮ ಓಡಿ ಬಂದರು. "ಅಯ್ಯೋ, ಏನಾಯ್ತೇ ಭಾನು? ಮಗು ಹುಷಾರಾಗಿದೆಯಾ?"

"ಸ್ವರೂಪ... ಸ್ವರೂಪ ಇವತ್ತು..."

"ಕೆಮ್ಮು ಕಣೇ ಅವನಿಗೆ, ಕಳಿಸಲ್ಲ ಅಂತ ಬೆಳಗ್ಗೆ ಫೋನ್ ಮಾಡಿದ್ನಲ್ಲ? ಸರಿ ಅಮ್ಮ, ಅಂದ್ಯಲ್ಲ ನೀನು?"

ಭಾನುವಿಗೆ ಆ ಫೋನಿನ ನೆನಪು ಒಂದು ಚೂರೂ ಇರಲಿಲ್ಲ. ಇವತ್ತಿಗೂ ಇಲ್ಲ. ಮಾತಾಡಿದ್ದಳು, ಸರಿ ಎಂದಿದ್ದಳು, ಆ ಮನೆಯ ಮುಂದೆ ನಿಲ್ಲಿಸದೆ ಹೋಗಿದ್ದಳು. ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದಳು. ಆದರೆ ಮಾಡಿದ್ದು ಯಾರು? ಆ ಬೆಳಗ್ಗೆ ಗಾಡಿ ಓಡಿಸಿದ್ದು ಯಾರು? ಹುಡುಗ ಸಿಕ್ಕ ಸಮಾಧಾನಕ್ಕಿಂತ ಆ ಪ್ರಶ್ನೆಯೇ ಅವಳನ್ನು ಹೆಚ್ಚು ಹೆದರಿಸಿತು.

ಬಾಟಲಿ ಗಾಡಿಯಲ್ಲೇ ಇದೆ ಎನ್ನಲು ಬಂದೆ ಎಂದು ಹೇಳಿ ಎದ್ದು ಬರಬಹುದಿತ್ತು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಭಾನು ಅಲ್ಲೇ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಸಿಗ್ನಲ್ಲಿನಲ್ಲಿ ಕಣ್ಣು ಮುಚ್ಚಿದ್ದು, ಬಸ್ಸಿನ ಹಿಂದೆ ಬ್ರೇಕು ಹಾಕಿದ್ದು, ಫೋನಿನ ನೆನಪಿಲ್ಲದಿರುವುದು. ಸುಮಿತ್ರಮ್ಮ ನಿಂತೇ ಕೇಳಿದರು. ಮೊದಲು ಅವಳಿಗೆ ನೀರು ತಂದುಕೊಟ್ಟಿದ್ದವರು, ಮಾತು ಮುಗಿಯುವ ಹೊತ್ತಿಗೆ ಮೊಮ್ಮಗನನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಿದ್ದರು.

"ನಿನ್ನ ಕಷ್ಟ ನಂಗರ್ಥವಾಗುತ್ತೆ ಭಾನು. ಆದ್ರೆ ನಾಳೆಯಿಂದ ನಾವೇ ಬಿಟ್ಟು ಬರ್ತೀವಿ. ಬೇಜಾರು ಮಾಡ್ಕೋಬೇಡ."

ಅವರು ಗಟ್ಟಿಯಾಗಿ ಏನೂ ಹೇಳಲಿಲ್ಲ. ಬಾಗಿಲು ಮಾತ್ರ ಹಾಕಿಕೊಂಡರು.

ಮನೆಗೆ ಬಂದು ವಸಂತನನ್ನು ಎಬ್ಬಿಸಿ ಹೇಳಿದಳು. ಅವನು ನಿದ್ದೆಗಣ್ಣಿನಲ್ಲಿ, "ಹುಡುಗ ಸಿಕ್ಕಿದ್ನಲ್ಲ, ಬುಡು" ಎಂದ. ಆಮೇಲೆ ಅವಳ ಮುಖ ನೋಡಿ ಎದ್ದು ಕೂತ. ಆ ಮುಖವನ್ನು ಎಷ್ಟೋ ದಿನದಿಂದ ತಾನು ನೋಡಿಯೇ ಇರಲಿಲ್ಲ ಎಂದು ಅವನಿಗೆ ಆಗ ಹೊಳೆಯಿತಂತೆ. ಕಣ್ಣಿನ ಕೆಳಗೆ ಕಪ್ಪು, ಕಚ್ಚಿ ಕಚ್ಚಿ ಒಡೆದುಹೋದ ಕೆಳತುಟಿ. "ಇವತ್ತು ಸಾಯಂಕಾಲ ಮಕ್ಳನ್ನ ಲಿಂಗರಾಜಣ್ಣ ತರ್ಲಿ," ಎಂದ. "ಕೀ ಇತ್ತ ಕೊಡು."

ಆ ಸಂಜೆ ಭಾನು ವ್ಯಾನಿನ ಎಲ್ಲ ಮಕ್ಕಳ ಮನೆಗೂ ತಾನೇ ಫೋನ್ ಮಾಡಿದಳು. ನನಗೂ ಬಂತು. ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. "ಅಕ್ಕ, ನಾನು ಗಾಡಿ ಓಡಿಸ್ತಾ ನಿದ್ದೆ ಹೋಗಿದ್ದೀನಿ. ನಿಮಗೆ ಗೊತ್ತಿರ್ಬೇಕು ಅಂತ ಹೇಳ್ತಿದ್ದೀನಿ" ಎಂದಳು. ನಾನು ಸುಮ್ಮನೆ ಕೇಳಿಸಿಕೊಳ್ಳಲಿಲ್ಲ. "ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ರಿ ಭಾನು? ನನ್ನ ಮಗಳು ಅದ್ರಲ್ಲಿದ್ಳು!" ಎಂದು ಕೂಗಿ ಫೋನ್ ಇಟ್ಟೆ. ಒಳಗೆ ಅಕ್ಷತಾ ಬಣ್ಣದ ಪೆನ್ಸಿಲ್ ಹರಡಿಕೊಂಡು ಏನೋ ಗೀಚುತ್ತಿದ್ದಳು. ಅವಳ ಪಕ್ಕ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟೆ. ಬಹಳ ಹೊತ್ತಿನವರೆಗೆ ಆ ಕೈ ತೆಗೆಯಲು ನನಗೆ ಮನಸ್ಸಾಗಲಿಲ್ಲ.

ಭಾನುವಿನ ಮನೆಯಲ್ಲಿ ಅದೇ ರಾತ್ರಿ ಮಲಗುವ ಮೊದಲು ಒಂದು ಮಾತುಕತೆ ನಡೆಯಿತು. ವಸಂತ್ ಬೇಕರಿಗೆ ರಜೆ ಹೇಳಿ, ಹೆಂಡತಿ ಮಗು ಇಬ್ಬರನ್ನೂ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ, ತಾಯಿಯನ್ನೂ ಜೊತೆಗೆ ಹೊರಡಿಸಿದ್ದ. ಡಾಕ್ಟರು ಮಗುವಿನ ಬಾಯಿ, ಕಿವಿ, ಎದೆ ಎಲ್ಲ ನೋಡಿ, ಕೆಳಗೆ ಎರಡು ಮೇಲೆ ಎರಡು ಒಟ್ಟಿಗೇ ನೂಕುತ್ತಿವೆ, ಬೇರೆ ತೊಂದರೆ ಏನೂ ಇಲ್ಲ ಎಂದರು. ತೊಳೆದ ಬೆರಳಿನಿಂದ ವಸಡು ಮೆಲ್ಲಗೆ ಉಜ್ಜಿ, ಶುಭ್ರವಾದ ಬಟ್ಟೆ ಒದ್ದೆ ಮಾಡಿ ಫ್ರಿಜ್ಜಿನಲ್ಲಿಟ್ಟು ಕಚ್ಚಲು ಕೊಡಿ, ಜೋರು ಜ್ವರ ಬಂದರೆ ಹಲ್ಲಿನದೆಂದು ಮನೆಯಲ್ಲಿ ಕೂರಬೇಡಿ, ಕರೆದುಕೊಂಡು ಬನ್ನಿ ಎಂದರು. ಮಂಚಮ್ಮ ಜೇನಿನ ಮಾತು ತಾವೇ ಎತ್ತಿದರು. "ಬೇಡಮ್ಮ, ವರ್ಷ ತುಂಬಲಿ" ಎಂದರು ಡಾಕ್ಟರು.

ಮನೆಗೆ ಬಂದು ಮಂಚಮ್ಮ ಆ ಬಾಟಲಿಯನ್ನು ತೆಗೆದು ಪಕ್ಕದ ಮನೆಯವರಿಗೆ ಕೊಟ್ಟರು. ಸೊಸೆಯ ಮುಂದೆ ನಿಂತು, "ಇಗೋ, ಇನ್ನು ನೀನು ಮ್ಯಾಕೆ ನೋಡೋ ಅಂಗಿಲ್ಲ. ನೋಡ್ತಿದ್ದೆ ಅಂತ ನಂಗೂ ಗೊತ್ತು ಕಣವ್ವ" ಎಂದರು.

"ಅತ್ತೆ, ನಾನು..."

"ನಂಗೆ ಸಿಟ್ಟಿತ್ತು, ಇಲ್ಲ ಅನ್ನಾಕಿಲ್ಲ. ಆದ್ರೆ ಬ್ಯಾಡ ಅಂದಮ್ಯಾಲೆ ನಾನು ಮುಟ್ಟಿರ್ನಿಲ್ಲ. ನನ್ ಮೊಮ್ಮಗ ಅಲ್ವಾ ಅವ್ನು? ನಂಗೂ ಭಯ ಇಲ್ವಾ? ಕೊಡು ಇತ್ತಗೆ. ಓಗಿ ಮಲಿಕೊ."

ಮೊದಲ ರಾತ್ರಿ ಮಂಚಮ್ಮ ಮಗುವನ್ನು ತಮ್ಮ ಕೋಣೆಗೆ ತೆಗೆದುಕೊಂಡರು. ಭಾನು ಹಾಲು ಕುಡಿಸಿ ಕೊಟ್ಟು, ಬಂದು ಮಲಗಿದಳು. ನಿದ್ದೆ ಬರಲಿಲ್ಲ. ಗೋಡೆಯಾಚೆ ಮಗು ಅತ್ತಿತು. ಅವಳು ಎದ್ದು ಬಾಗಿಲ ಸಂದಿನಲ್ಲಿ ನೋಡಿದಳು. ಮಂಚಮ್ಮ ಕಾಲು ನೀಡಿ, ಕಾಲ ಮೇಲೆ ಮೊಮ್ಮಗನನ್ನು ಮಲಗಿಸಿಕೊಂಡು, ಒದ್ದೆ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿ ಅವನ ವಸಡು ಒತ್ತುತ್ತಿದ್ದರು. ಅವನು ಅಳು ನಿಲ್ಲಿಸಿ ಬಟ್ಟೆ ಚೀಪುತ್ತಿದ್ದ. ಅವರು ಸದ್ದಿಲ್ಲದೆ ಕಾಲು ಅಲ್ಲಾಡಿಸುತ್ತ, ಇವಳ ಕಡೆ ನೋಡದೆಯೇ, "ನೋಡಿದ್ದಾಯ್ತಾ? ಓಗು" ಎಂದರು. ಭಾನು ಮತ್ತೆ ಬಂದು ಮಲಗಿದಳು. ಆ ರಾತ್ರಿ ಹೀಗೆ ಮೂರು ಸಲ ಆಯಿತು. ಮೂರನೇ ಸಲ ಮಂಚಮ್ಮ ಒಳಗೆ ಬಾ ಎಂದು ಕೈಸನ್ನೆ ಮಾಡಿದರು. ಭಾನು ಅವರ ಪಕ್ಕದಲ್ಲಿ ನೆಲಕ್ಕೆ ತಲೆ ಕೊಟ್ಟವಳು ಬೆಳಗಾಗುವವರೆಗೆ ಅಲ್ಲಾಡಲಿಲ್ಲ.

ಎದ್ದಾಗ ಮನೆ ನಿಶ್ಶಬ್ದವಾಗಿತ್ತು. ಅಳು ಕೇಳದ್ದೇ ಭಯವಾಯಿತು. ಪಕ್ಕಕ್ಕೆ ತಿರುಗಿದರೆ ಗೌತಮ್ ಅಜ್ಜಿಯ ತೋಳಿನ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದ. ಹೊಟ್ಟೆ ಏರಿ ಇಳಿಯುತ್ತಿತ್ತು. ಅವಳು ಮೂಗಿನ ಹತ್ತಿರ ಬೆರಳು ಒಯ್ದಳು.

ಆಮೇಲಿನ ವಾರಗಳಲ್ಲಿ ಗಾಡಿ ಲಿಂಗರಾಜು ಅವರ ಕೈಯಲ್ಲೇ ಇತ್ತು. ಮನೆಯಲ್ಲಿ ಮೂವರೂ ರಾತ್ರಿಯನ್ನು ಹಂಚಿಕೊಂಡರು. ವಸಂತ್ ಯಜಮಾನರನ್ನು ಕೇಳಿ ಕೆಲವು ದಿನ ಹಗಲಿನ ಕೆಲಸಕ್ಕೆ ಬದಲಾಯಿಸಿಕೊಂಡ. ಮುಂಜಾನೆಯ ಸರದಿ ಅವನದು. ಮೊದಲು ಕೆಳಗಿನ ಒಂದು ಹಲ್ಲು ಅಕ್ಕಿಕಾಳಿನ ತುದಿಯಷ್ಟು ಕಾಣಿಸಿತು. ಚಮಚ ತಾಕಿಸಿ ಟಿಣ್ ಎನ್ನಿಸಿ ವಸಂತ್ ಎಲ್ಲರನ್ನೂ ಕರೆದು ತೋರಿಸಿದನಂತೆ. ಮಿಕ್ಕ ಮೂರೂ ಒಂದರ ಹಿಂದೆ ಒಂದು ಬಂದವು. ಗೌತಮ್ ಮತ್ತೆ ಮೊದಲಿನ ಹಾಗೆ ಮಲಗತೊಡಗಿದ. ಭಾನು ಮಾತ್ರ ಇನ್ನೂ ಬಹಳ ದಿನ ಅಳು ಇಲ್ಲದಿದ್ದರೂ ಎದ್ದು ಕೂರುತ್ತಿದ್ದಳು.

ಪೂರ್ತಿ ನಿದ್ದೆ ಮಾಡಿದ ರಾತ್ರಿಗಳು ಒಂದಿಷ್ಟು ಕೂಡಿದ ಮೇಲೆ ಅವಳು ಮತ್ತೆ ಗಾಡಿ ಓಡಿಸುವ ಮಾತೆತ್ತಿದಳು. ಎಲ್ಲರೂ ಒಪ್ಪಲಿಲ್ಲ. ಸ್ವರೂಪನ ಮನೆಯವರು ಬರಲಿಲ್ಲ, ಇನ್ನೂ ಒಂದು ಮನೆಯವರು ಬೇರೆ ವ್ಯಾನಿಗೆ ಸೇರಿಸಿದ್ದರು. ನಮ್ಮ ಮನೆಗೆ ಅವಳೇ ಬಂದಳು. ಒಳಗೆ ಕರೆದರೂ ಬರದೆ ಮೆಟ್ಟಿಲ ಮೇಲೆ ಕೂತಳು. ಆವತ್ತೇ ಇದನ್ನೆಲ್ಲ ಮೊದಲಿಂದ ಹೇಳಿದ್ದು. ಹೇಳಿ ಮುಗಿಸಿ, "ನೀವು ಬ್ಯಾಡ ಅಂದ್ರೂ ನಾನು ಬೇಜಾರು ಮಾಡ್ಕಳಲ್ಲ ಅಕ್ಕ" ಎಂದಳು.

"ಮೊದಲನೇ ವಾರ ನಾನೂ ಬರ್ತೀನಿ, ಗಾಡೀಲಿ" ಎಂದೆ.

"ಬನ್ನಿ. ಬಂದ್ರೆ ನಂಗೂ ಧೈರ್ಯ."

ಹೋದೆ. ಅವಳ ಹಿಂದಿನ ಸೀಟಿನಲ್ಲಿ, ಮಕ್ಕಳ ಬ್ಯಾಗುಗಳ ನಡುವೆ ಮುದುಡಿ ಕೂತು, ದಾರಿಯುದ್ದಕ್ಕೂ ಕನ್ನಡಿಯಲ್ಲಿ ಅವಳ ಕಣ್ಣು ನೋಡುತ್ತಿದ್ದೆ. ನಾನು ನೋಡುತ್ತಿರುವುದು ಅವಳಿಗೂ ಗೊತ್ತಿತ್ತು. ಬೆಂಗಳೂರು ರಸ್ತೆಯ ಸಿಗ್ನಲ್ಲಿನಲ್ಲಿ ಲಾರಿಯೊಂದು ಪಕ್ಕದಲ್ಲಿ ಬಂದು ನಿಂತಾಗ ನನ್ನ ಕೈ ತಾನಾಗಿ ಅಕ್ಷತಾಳ ಭುಜ ಹಿಡಿಯಿತು. ಹಸಿರಾಯಿತು, ಗಾಡಿ ಹೊರಟಿತು. ಶಾಲೆಯ ಗೇಟಿನಲ್ಲಿ ಎಲ್ಲರೂ ಇಳಿದ ಮೇಲೆ ಭಾನು ತಾನೂ ಇಳಿದು, ಹಿಂದಿನ ಬಾಗಿಲು ತೆಗೆದು, ಒಂದೊಂದು ಸೀಟಿನ ಮೇಲೂ ಕೆಳಗೂ ಕೈಯಾಡಿಸಿದಳು. ಖಾಲಿಯೆಂದು ಕಣ್ಣಿಗೆ ಕಾಣುತ್ತಿತ್ತು. ಆದರೂ ಕೈಯಾಡಿಸಿದಳು. ಮೂರನೇ ದಿನದ ಮೇಲೆ ನಾನು ಹೋಗಲಿಲ್ಲ. ಮಗಳನ್ನು ಹತ್ತಿಸಿದ ಮೇಲೆ ಗಾಡಿ ಕಣ್ಮರೆಯಾಗುವವರೆಗೂ ಈಗಲೂ ಅಲ್ಲೇ ನಿಂತು ನೋಡುತ್ತೇನೆ.

ಮೊನ್ನೆ ಗೌತಮನಿಗೆ ವರ್ಷ ತುಂಬಿತು. ಕೇಕು ವಸಂತನೇ ಮಾಡಿದ್ದ. ನಾನೂ ಅಕ್ಷತಾಳೂ ಹೋಗಿದ್ದೆವು. ಮಗು ಮಂಚಮ್ಮನವರ ಬೆರಳು ಕಚ್ಚಿ, ಅವರು "ಅಯ್ಯಯ್ಯೋ, ಇಲಿಮರಿ!" ಎಂದು ಕೂಗಿ, ಎಲ್ಲರೂ ನಗುತ್ತಿದ್ದರು. ಭಾನು ನನ್ನನ್ನು ಅಡುಗೆ ಮನೆಗೆ ಕರೆದಳು.

"ಅಕ್ಕ, ಡಾಕ್ಟ್ರು ಹೇಳಿದ್ರು. ಇನ್ನು ದವಡೆ ಹಲ್ಲಂತೆ. ಅವು ಇನ್ನೂ ನೋಯ್ತವಂತೆ."

"ಅಯ್ಯೋ. ಮತ್ತೆ?"

"ಲಿಂಗರಾಜಣ್ಣಂಗೆ ಈಗ್ಲೇ ಹೇಳಿಟ್ಟಿದ್ದೀನಿ. ರಾತ್ರಿ ಎರಡು ಸಲಕ್ಕಿಂತ ಜಾಸ್ತಿ ಎದ್ರೆ ಬೆಳಗ್ಗೆ ಫೋನ್ ಮಾಡ್ತೀನಿ, ಅವತ್ತು ಗಾಡಿ ಅವರದೇ ಅಂತ." ಅವಳು ತಟ್ಟೆಗಳಿಗೆ ಕೇಕು ಹಾಕುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು. "ಅವತ್ತು ನಾನಿಲ್ಲ ಅಂತ ನೀವು ಗಾಬರಿ ಬೀಳ್ಬ್ಯಾಡಿ."

ಬೀಳುವುದಿಲ್ಲ ಎಂದೆ. ತಟ್ಟೆಗಳನ್ನು ಎತ್ತಿಕೊಂಡು ಇಬ್ಬರೂ ಹೊರಗೆ ಬಂದೆವು.